ಕಪಾಟಿನ ಕೀಲಿಕೈ ಕೊಡೂದಿಲ್ರಿ

ಯಂತ್ರ ಬಂದರೆ ಕೆಲಸ ಹಗುರಾಗುತ್ತದೆ ಎಂದು ಹೇಳುವವರು, ಯಂತ್ರ ಬಂದ ಮೇಲೆ ಆ ಕೋಣೆಯಲ್ಲಿ ಕೂಡುವುದಿಲ್ಲ. ಕೂಡುವವಳು ನಾನು. ಹಾಗಾಗಿ ಇಂಥ ಪ್ರಸಂಗಗಳೆಲ್ಲ ನನ್ನ ಟೇಬಲ್ಲಿನ ಮುಂದೆಯೇ ನಡೆಯುತ್ತವೆ. ಒಂದು ಮುಗಿಯಿತು ಎಂದು ಚಹಾ ಕಪ್ಪು ಎತ್ತುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ.

ನಮ್ಮದು ಪುಣೆಯ ಬಿಬವೇವಾಡಿಯಲ್ಲಿರುವ ಸಣ್ಣ ಸೇವಾಸಂಸ್ಥೆ. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ, ಹಿರಿಯರು ಹಾಸಿಗೆ ಹಿಡಿದರೆ, ಅಂಥ ಮನೆಗಳಿಗೆ ಗಾಲಿಕುರ್ಚಿ, ವಾಕರ್, ತಲೆದೆಸೆ ಎತ್ತಿ ಇಳಿಸುವ ಮಂಚ ಇವನ್ನೆಲ್ಲ ಕೊಡುತ್ತೇವೆ. ಗುಣವಾದ ಮೇಲೆ ಅವರು ತಂದು ಒಪ್ಪಿಸಬೇಕು. ಸಂಸ್ಥೆ ನಡೆಯುವುದು ದಾನಿಗಳಿಂದ. ನಾನು ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದವಳು, ಹತ್ತೊಂಬತ್ತು ವರ್ಷದಿಂದ ಈ ಕಚೇರಿಯ ಏಕೈಕ ಗುಮಾಸ್ತೆ. ದಾನಿಗಳ ಹೆಸರು, ವಿಳಾಸ, ಫೋನು ಎಲ್ಲ ನಾನೇ ಕೈಯಾರೆ ಬರೆದ ಕಾರ್ಡುಗಳಲ್ಲಿವೆ. ಕಾರ್ಡುಗಳು ಒಂದು ಉಕ್ಕಿನ ಕಪಾಟಿನಲ್ಲಿವೆ. ಕಪಾಟಿನ ಕೀಲಿಕೈ ನನ್ನ ಸೊಂಟದಲ್ಲಿದೆ.

ನಮಗೊಂದು ವೆಬ್‌ಸೈಟ್ ಮೊದಲೇ ಇತ್ತು. ಅದರಲ್ಲಿ ಯಾರೋ ರಿಬ್ಬನ್ ಕತ್ತರಿಸುತ್ತಿರುವ ಫೋಟೋ ಬಿಟ್ಟರೆ ಹೆಚ್ಚಿನದೇನೂ ಇರಲಿಲ್ಲ. ಎರಡು ವರ್ಷದ ಹಿಂದೆ ದಾನಿಗಳ ದಾಖಲೆ ಇಡುವ ಸಾಫ್ಟ್‌ವೇರ್ ಒಂದನ್ನು ತಂದರು. ಈಗ ಇವೆರಡನ್ನೂ ಜೋಡಿಸಬೇಕೆಂದು ವಿಶ್ವಸ್ಥರು ತೀರ್ಮಾನಿಸಿದರು. ದಾನಿ ತನ್ನ ಮನೆಯಲ್ಲೇ ಕೂತು ವೆಬ್‌ಸೈಟಿನಲ್ಲಿ ಫಾರ್ಮ್ ತುಂಬಿದರೆ ಅವನ ವಿವರ ನೇರ ದಾಖಲೆಗೆ ಬಂದು ಬೀಳುತ್ತದೆ, ರಸೀದಿ, ಧನ್ಯವಾದದ ಪತ್ರ ತಾವಾಗಿಯೇ ಹೋಗುತ್ತವೆ, ನಡುವೆ ಯಾರೂ ಬೇಕಾಗಿಲ್ಲ. ಆ ನಡುವಿನ ‘ಯಾರೂ’ ಅಂದರೆ ನಾನು ಎಂಬುದು ನನಗೆ ಆಗಲೇ ತಿಳಿಯಿತು.

ಇದನ್ನು ಮಾಡಿಸಲಿಕ್ಕೆ ಒಬ್ಬ ಸಲಹೆಗಾರ ಬಂದರು. ನಲವತ್ತರ ಆಸುಪಾಸಿನ ಮರಾಠಿ ಮನುಷ್ಯ. ಅಂಗಿಗೂ ಇಸ್ತ್ರಿ, ಮಾತಿಗೂ ಇಸ್ತ್ರಿ. ಇವರ ಮೇಲೆ ನಮ್ಮ ಕಾರ್ಯದರ್ಶಿ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು, ಬಹಳ ಒಳ್ಳೆಯವರು. ಇಬ್ಬರೂ ಎಲ್ಲರಂತೆ ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ.

೧. ಅಡ್ಡಹೆಸರು

ಜೋಡಣೆಯ ನಿಜವಾದ ಕೆಲಸ ಮಾಡಿದ್ದು ಒಬ್ಬ ಎಂಜಿನಿಯರ್ ಹುಡುಗಿ. ಹಾಸನದ ಕಡೆಯವಳು, ಊರಿನ ಇನ್ನೊಂದು ತುದಿಯ ವಾಕಡದಲ್ಲಿ ಗೆಳತಿಯರ ಜೊತೆ ಇರುತ್ತಾಳೆ. ವಾರವೆಲ್ಲ ದೊಡ್ಡ ಕಂಪನಿಯ ಕೆಲಸ, ಶನಿವಾರ ನಮಗೆ ಪುಕ್ಕಟೆ ಸೇವೆ. ಕನ್ನಡದವಳು ಎಂದು ಗೊತ್ತಾದಾಗ ನಾನು ಹಿಗ್ಗಿಹೋದೆ. ಅವಳ ಕನ್ನಡ ಬೇರೆ, ನನ್ನ ಕನ್ನಡ ಬೇರೆ ಎಂಬುದು ಐದು ನಿಮಿಷದ ಮೇಲೆ ಗೊತ್ತಾಯಿತು.

ಅವಳಿಗೆ ಗುರುತಿನ ಚೀಟಿ ಮಾಡಬೇಕಿತ್ತು. ಹೆಸರು ಕೇಳಿದೆ. ಹೆಸರಿನ ಹಿಂದೆ ಎರಡು ಇಂಗ್ಲಿಷ್ ಅಕ್ಷರ ಹೇಳಿದಳು. ಪುಣೆಯಲ್ಲಿ ಅಷ್ಟಕ್ಕೆ ನಡೆಯುವುದಿಲ್ಲ, ಇಲ್ಲಿ ಮನೆತನದ ಹೆಸರಿಲ್ಲದವನಿಗೆ ಕೊರಿಯರ್ ಕೂಡ ಮುಟ್ಟುವುದಿಲ್ಲ.

“ಅಡ್ಡಹೆಸರೇನ್ರಿ?” ಅಂದೆ.

ಹುಡುಗಿ ಕೆಂಪಾದಳು. ಅದೆಲ್ಲ ಆಫೀಸಿಗೆ ಬೇಕಾ ಎಂದು ಕೇಳಿದಳು. ಬೇಕೇಬೇಕು, ಇಲ್ಲಿ ಎಲ್ಲರನ್ನೂ ಅದರಿಂದಲೇ ಕರೆಯುವುದು ಅಂದೆ. ಅವಳು ಹಿಂದೆ ಮುಂದೆ ನೋಡಿ, ಸಣ್ಣ ದನಿಯಲ್ಲಿ “ಕೋಡುಬಳೆ” ಅಂದಳು.

ನನಗೆ ವಿಚಿತ್ರ ಅನ್ನಿಸಲಿಲ್ಲ. ಧಾರವಾಡದಲ್ಲಿ ನಮ್ಮ ಎಡಮನೆಯವರು ಮೆಣಸಿನಕಾಯಿ, ಬಲಮನೆಯವರು ಉಳ್ಳಾಗಡ್ಡಿ. ಅವರ ನಡುವೆ ಬೆಳೆದವಳಿಗೆ ಕೋಡುಬಳೆ ಏನು ಮಹಾ. ಬರೆದು, ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಅವಳ ಕೊರಳಿಗೆ ತೂಗಿಸಿದೆ.

ಕಾರ್ಯದರ್ಶಿಗಳು ಚೀಟಿ ಓದಿ ಖುಷಿಪಟ್ಟರು. ಕೋಡಬಳೆ ಎಂದರೆ ನಮ್ಮ ಇಂದಾಪುರದ ಕೋಡಬಳೆಯವರೇ ಎಂದು ಮರಾಠಿಯಲ್ಲಿ ವಿಚಾರಿಸಿದರು. ಹುಡುಗಿಗೆ ಮರಾಠಿಯಲ್ಲಿ ಬರುತ್ತಿದ್ದುದು ‘ಹೋ’, ಅಂದರೆ ಹೌದು, ಅದೊಂದೇ. ಅದನ್ನೇ ಹೇಳಿದಳು. ಅಲ್ಲಿಂದ ಮುಂದೆ ಅವಳು ಕೋಡಬಳೆ ಮ್ಯಾಡಮ್. ಸಭೆಯ ನಡಾವಳಿಯಲ್ಲೂ ಹಾಗೇ ಬಂತು.

ಒಂದು ತಿಂಗಳ ಮೇಲೆ ಅವಳು ವೆಬ್‌ಸೈಟಿನ ಫಾರ್ಮಿಗೆ ಕನ್ನಡ, ಮರಾಠಿ ಎರಡನ್ನೂ ಹಾಕುತ್ತಿದ್ದಳು. ಮರಾಠಿಯ ‘ಆಡನಾವ’ಕ್ಕೆ ಕನ್ನಡದಲ್ಲಿ ಏನು ಎಂದು ನನ್ನನ್ನು ಕೇಳಿದಳು. ಅಡ್ಡಹೆಸರು ಅಂದೆ. ಅವಳು ಕೀಲಿಮಣೆಯ ಮೇಲಿನ ಕೈ ತೆಗೆದು ನನ್ನನ್ನೇ ನೋಡಿದಳು.

“ಆಂಟೀ, ನಮ್ ಕಡೆ ಅಡ್ಡಹೆಸರು ಅಂದ್ರೆ ಸ್ಕೂಲಲ್ಲಿ ರೇಗಿಸೋಕೆ ಇಡ್ತಾರಲ್ಲ, ಅದು.”

ಒಂದನೇ ಇಯತ್ತೆಯಲ್ಲಿ ಬೆಂಚಿನ ಮೇಲೆ ಮುರುಟಿಕೊಂಡು ಮಲಗುತ್ತಿದ್ದಳಂತೆ, ಅದಕ್ಕೆ ಆ ಹೆಸರು. ಫಾರ್ಮಿನಲ್ಲಿ ಅಡ್ಡಹೆಸರು ಕಡ್ಡಾಯ ಎಂದು ಸಲಹೆಗಾರರು ಒಂದು ಕೆಂಪು ನಕ್ಷತ್ರ ಇಡಿಸಿದ್ದರು. ಮನೆತನದ ಹೆಸರೇ ಇಲ್ಲದವರು ಅರ್ಧ ದೇಶದಲ್ಲಿದ್ದಾರೆ, ಅವರು ದಾನ ಕೊಡಬಾರದೇನು ಎಂದು ನಾನು ವಾದಕ್ಕೆ ಬಿದ್ದೆ. ನಿಯಮ ಎಂದರು. ಕೆಲಸ ಮಾಡಿಕೊಡುವ ಹುಡುಗಿಗೇ ಅದಿಲ್ಲ, ಅವಳನ್ನೂ ವಾಪಸು ಕಳಿಸಿ ಅಂದೆ. ನಕ್ಷತ್ರ ಹೋಯಿತು.

ಹುಡುಗಿಯ ಚೀಟಿ ಸರಿಮಾಡುವುದು ಮಾತ್ರ ತಡವಾಯಿತು. ಕಾರ್ಯದರ್ಶಿಗಳು ಅಷ್ಟರಲ್ಲೇ ಒಂದು ಜಾತಕ ಹಿಡಿದುಕೊಂಡು ಬಂದರು. ಹುಡುಗ ಒಳ್ಳೆಯ ನೌಕರಿಯಲ್ಲಿದ್ದಾನೆ, ಕೋಡಬಳೆ ಮನೆತನಕ್ಕೆ ಚೆನ್ನಾಗಿ ಹೊಂದುತ್ತದೆ, ಕೋಡಬಳೆಯವರದು ಯಾವ ಗೋತ್ರ ಎಂದು ತಿಳಿದರೆ ಸಾಕು ಅಂದರು. ಅಕ್ಕಿಹಿಟ್ಟು ಅಂದುಬಿಟ್ಟೆ.

೨. ತಾವು ಮನುಷ್ಯರೇ?

ಫಾರ್ಮ್ ಶುರುವಾದ ಮೇಲೆ ಸಲಹೆಗಾರರು ರಸೀದಿ ಪುಸ್ತಕವನ್ನು ಡ್ರಾವರಿನ ತಳಕ್ಕೆ ಹಾಕಿಸಿದರು. ಇನ್ನು ಕೈಯಲ್ಲಿ ಏನನ್ನೂ ತೆಗೆದುಕೊಳ್ಳಬಾರದು, ಕಚೇರಿಗೆ ಬಂದವರಿಗೂ ಕಂಪ್ಯೂಟರ್ ತೋರಿಸಬೇಕು, ಅವರೇ ತುಂಬಬೇಕು.

ಆ ವಾರವೇ ಇಂದಾಪುರದ ಕಬ್ಬಿನ ರೈತರೊಬ್ಬರು ಬಂದರು. ಎಪ್ಪತ್ತು ದಾಟಿದವರು, ಕನ್ನಡಕವಿಲ್ಲದೆ ಪೇಪರ್ ಓದುತ್ತಾರೆ. ಹಿಂದೆ ಅವರ ತಾಯಿಯನ್ನು ಚಿಕಿತ್ಸೆಗೆ ಪುಣೆಗೆ ಕರೆತಂದು ತಂಗಿಯ ಮನೆಯಲ್ಲಿ ಇಟ್ಟಿದ್ದಾಗ ನಮ್ಮ ಮಂಚ ಒಯ್ದಿದ್ದರು. ತಾಯಿ ಅದೇ ಮಂಚದ ಮೇಲೆ ತೀರಿಕೊಂಡರು. ಅಂದಿನಿಂದ ವರ್ಷಕ್ಕೊಮ್ಮೆ, ತಾಯಿಯ ತಿಥಿಯ ವಾರದಲ್ಲಿ, ಸರ್ಕಾರಿ ಎಸ್.ಟಿ. ಬಸ್ಸಿನಲ್ಲಿ ಬಂದು ದಾನ ಕೊಟ್ಟು ಹೋಗುತ್ತಾರೆ.

ಅವರನ್ನು ಕಂಪ್ಯೂಟರಿನ ಮುಂದೆ ಕೂಡಿಸಿದೆವು. ಒಂದೊಂದೇ ಅಕ್ಷರ ಹುಡುಕಿ, ಯಾರ ಸಹಾಯವೂ ಬೇಡವೆಂದು, ಎಲ್ಲ ತುಂಬಿದರು. ಕೊನೆಗೆ ಪರದೆಯ ಮೇಲೆ ಒಂಬತ್ತು ಚಿತ್ರ ಬಂದವು. ಬಸ್ಸು ಇರುವ ಚಿತ್ರಗಳನ್ನು ಒತ್ತಿ ಎಂದು ಕೆಳಗೆ ಬರೆದಿತ್ತು.

ಅವರು ಬಹಳ ಹೊತ್ತು ನೋಡಿದರು. ಇದರಲ್ಲಿ ಬಸ್ಸೇ ಇಲ್ಲವಲ್ಲ ಅಂದರು. ಹಳದಿಯದು ಬಸ್ಸು ಎಂದು ನಾನು ತೋರಿಸಿದೆ. ಅದು ಶಾಲೆಯ ವ್ಯಾನು ಅಂದರು. ಇನ್ನೊಂದನ್ನು ತೋರಿಸಿದೆ, ಅದು ಖಾಸಗಿ ಟ್ರಾವೆಲ್ಸ್, ಅದನ್ನು ಬಸ್ಸು ಎನ್ನುವವನು ಅದರಲ್ಲಿ ಒಮ್ಮೆ ಹತ್ತಿ ನೋಡಬೇಕು ಅಂದರು. ನಲವತ್ತು ವರ್ಷ ಎಸ್.ಟಿ.ಯಲ್ಲಿ ತಿರುಗಿದ ಮನುಷ್ಯ, ಸುಳ್ಳು ಒತ್ತಲು ಒಪ್ಪಲಿಲ್ಲ. ಯಾವುದನ್ನೂ ಮುಟ್ಟದೆ ಮುಂದಿನ ಗುಂಡಿ ಒತ್ತಿದರು. ಯಂತ್ರ ಬೇರೆ ಒಂಬತ್ತು ಚಿತ್ರ ಕೊಟ್ಟಿತು. ಅದರಲ್ಲೂ ಎಸ್.ಟಿ. ಇರಲಿಲ್ಲ. ಮೂರನೇ ಸಲಕ್ಕೆ, ನಿಮ್ಮ ಮೇಲೆ ಸಂಶಯವಿದೆ, ಆಮೇಲೆ ಪ್ರಯತ್ನಿಸಿ ಎಂದು ಬಾಗಿಲು ಹಾಕಿಕೊಂಡಿತು.

ಸಲಹೆಗಾರರು ಬಂದು ಸಮಾಧಾನವಾಗಿ ತಿಳಿಸಿ ಹೇಳಿದರು. ತಪ್ಪು ತಿಳಿಯಬೇಡಿ, ಫಾರ್ಮ್ ತುಂಬುತ್ತಿರುವುದು ಮನುಷ್ಯನೋ ಅಲ್ಲವೋ ಎಂದು ಯಂತ್ರ ಖಾತ್ರಿ ಮಾಡಿಕೊಳ್ಳುತ್ತದೆ, ಅಷ್ಟೇ.

ಅವರು ಟೋಪಿ ಸರಿಮಾಡಿಕೊಂಡು ಎದ್ದರು. “ನಾನು ಮನುಷ್ಯ ಹೌದೋ ಅಲ್ಲವೋ ಎಂದು ಕೇಳುವ ಅಧಿಕಾರ ನನ್ನ ಹೆಂಡತಿಗೆ ಒಬ್ಬಳಿಗೇ ಇದೆ,” ಅಂದರು.

ನಾನು ಡ್ರಾವರ್ ಎಳೆದು ತಳದಿಂದ ರಸೀದಿ ಪುಸ್ತಕ ತೆಗೆದೆ. ಸಲಹೆಗಾರರು, ಕಾಕೂ, ನಿಯಮ ಎಲ್ಲರಿಗೂ ಒಂದೇ ಅಂದರು. ನಾನು ಕಾರ್ಬನ್ ಹಾಳೆ ಇಡುತ್ತ ಹೇಳಿದೆ:

“ನಿಮ್ಮ ನಿಯಮ ಮನುಷ್ಯರಿಗಲ್ಲವೇ? ಇವರು ಅಲ್ಲ ಅಂತ ನಿಮ್ಮ ಯಂತ್ರವೇ ಹೇಳಿದೆ.”

೩. ರದ್ದಿ

ಕಾರ್ಡಿನಲ್ಲಿದ್ದ ಹೆಸರು, ವಿಳಾಸ, ಫೋನುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮುಗಿಯಿತು. ಇನ್ನು ಕಾರ್ಡುಗಳು ಬೇಡ, ರದ್ದಿಗೆ ಹಾಕಿ ಕಪಾಟು ತೆರವು ಮಾಡಿ ಎಂದು ಸಲಹೆಗಾರರು ಒಂದು ಕಾಗದ ತಯಾರಿಸಿದರು. ಕಾರ್ಯದರ್ಶಿಗಳು ಸಹಿ ಹಾಕಿದರು.

ಮಂಗಳವಾರ ಬೆಳಿಗ್ಗೆ ರದ್ದಿಯವನು ತಕ್ಕಡಿ ಹಿಡಿದುಕೊಂಡು ಬಂದ. ನಾನು ಒಂದು ಗಾಲಿಕುರ್ಚಿಯನ್ನು ಎಳೆದು ತಂದು, ಕಪಾಟಿನ ಬಾಗಿಲಿಗೆ ಒತ್ತಿ ನಿಲ್ಲಿಸಿ, ಕುಳಿತು, ಎರಡೂ ಕಡೆ ಬ್ರೇಕ್ ಹಾಕಿದೆ. ಆ ಕುರ್ಚಿಯ ಬ್ರೇಕ್ ಬಗ್ಗೆ ನಾನೇ ದಿನಾ ನಾಲ್ಕು ಮಂದಿಗೆ ತಿಳಿಸಿ ಹೇಳುತ್ತೇನೆ, ಒಮ್ಮೆ ಬಿತ್ತೆಂದರೆ ಆನೆ ತಳ್ಳಿದರೂ ಹೋಗುವುದಿಲ್ಲ.

ಸಲಹೆಗಾರರು ಕೈ ಚಾಚಿ ಕೀಲಿಕೈ ಕೇಳಿದರು.

“ಕೀಲಿಕೈ ಕೊಡೂದಿಲ್ರಿ,” ಅಂದೆ. ಸಿಟ್ಟಿನಲ್ಲಿ ಕನ್ನಡದಲ್ಲೇ ಬಂತು. ಆಮೇಲೆ ಮರಾಠಿಯಲ್ಲೂ ಹೇಳಿದೆ, ಅದು ಅಷ್ಟು ಚೆನ್ನಾಗಿ ಬರಲಿಲ್ಲ.

ಕಾರಣ ಕೇಳಿದರು. ಏರಿಸಿದ್ದನ್ನು ಕಾರ್ಡಿನ ಜೊತೆ ಯಾರೂ ತಾಳೆ ನೋಡಿಲ್ಲ, ನೋಡಿದ ಮೇಲೆ ನಾನೇ ಹೊರಿಸಿ ಕಳಿಸುತ್ತೇನೆ ಅಂದೆ. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದರು. ನಾನು ಮಾಡುತ್ತೇನೆ, ಅದಕ್ಕೇ ತಾಳೆ ನೋಡುತ್ತೇನೆ, ಅದು ನೋಡುವುದಿಲ್ಲ ಅಂದೆ. ಅವರು ಕಾರ್ಯದರ್ಶಿಗಳನ್ನು ಕರೆತಂದರು. ಕಾರ್ಯದರ್ಶಿಗಳು ಗಾಲಿಕುರ್ಚಿಯಲ್ಲಿದ್ದ ನನ್ನನ್ನು ನೋಡಿ ಗಾಬರಿಯಾಗಿ, ಯಾವಾಗ ಬಿದ್ದಿರಿ, ಪ್ಲಾಸ್ಟರ್ ಹಾಕಿಸಿದಿರಾ ಎಂದು ವಿಚಾರಿಸತೊಡಗಿದರು. ರದ್ದಿಯವನು ನಮ್ಮ ಮೂವರನ್ನೂ ಒಮ್ಮೆ ನೋಡಿ, ತನ್ನ ತಕ್ಕಡಿ ಐವತ್ತು ಕಿಲೋಕ್ಕಿಂತ ಮೇಲೆ ತೂಗುವುದಿಲ್ಲ ಎಂದು ಹೊರಟುಹೋದ. ಅವನ ಮೇಲೆ ನನಗೆ ಸ್ವಲ್ಪ ಬೇಸರವೇ ಆಯಿತು.

ಮುಂದಿನ ವಾರ ಒಬ್ಬಳು ಹೆಣ್ಣುಮಗಳು ಬಂದಳು. ಅಪ್ಪನಿಗೆ ಪಾರ್ಶ್ವವಾಯು, ಅಂದು ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಿದ್ದಾರೆ, ಮಂಚ ಬೇಕೇಬೇಕು, ನೆಲದ ಮೇಲೆ ಮಲಗಿಸಿ ಎಬ್ಬಿಸಲಿಕ್ಕೆ ಮನೆಯಲ್ಲಿ ತಾನೊಬ್ಬಳೇ. ನಮ್ಮ ಮಂಚಗಳೆಲ್ಲ ಹೊರಗಿದ್ದವು. ಆದರೆ ವಾರದ ಹಿಂದೆ ಒಬ್ಬ ದಾನಿ, ತನ್ನ ಮನೆಯಲ್ಲಿ ಒಂದು ಮಂಚ ಹೊಸದರಂತೆಯೇ ಇದೆ, ಬೇಕಾದಾಗ ಫೋನ್ ಮಾಡಿ ಎಂದಿದ್ದರು. ಸಲಹೆಗಾರರು ಗರ್ವದಿಂದ ಕಂಪ್ಯೂಟರಿನಲ್ಲಿ ಅವರ ನಂಬರ್ ತೆಗೆದು ಹಚ್ಚಿದರು. ಈ ನಂಬರ್ ಅಸ್ತಿತ್ವದಲ್ಲಿಲ್ಲ ಎಂದು ಬಂತು. ಇನ್ನೊಬ್ಬರಿಗೆ ಹಚ್ಚಿದರು. ಅದೂ ಇಲ್ಲ.

ಎಂಜಿನಿಯರ್ ಹುಡುಗಿಗೆ ಫೋನ್ ಮಾಡಿದೆವು. ಅವಳು ವಾಕಡದಿಂದಲೇ ನೋಡಿ ಹೇಳಿದಳು. ಎಲ್ಲ ನಂಬರಿನ ಮುಂದೆ ದೇಶದ ಸಂಖ್ಯೆ ತೊಂಬತ್ತೊಂದು ಸೇರಿಸಬೇಕೆಂದು ಯಾರೋ ಒಂದು ಗುಂಡಿ ಒತ್ತಿದ್ದಾರೆ, ಜಾಗ ಇದ್ದದ್ದು ಹತ್ತೇ ಅಂಕಿಗೆ, ಮುಂದೆ ಎರಡು ಬಂದಾಗ ಕೊನೆಯ ಎರಡು ಉದುರಿವೆ. ಒಬ್ಬಿಬ್ಬರದಲ್ಲ, ಎಲ್ಲರದೂ. ಹಳೆಯ ಪ್ರತಿ ಎಲ್ಲಿದೆ ಎಂದು ಕೇಳಿದಳು. ಅದರ ಮೇಲೆಯೇ ಹೊಸದನ್ನು ಉಳಿಸಿಬಿಟ್ಟಿದ್ದರು.

ನಾನು ಕಪಾಟು ತೆಗೆದೆ. ಕಾರ್ಡು ಒಂದು ನಿಮಿಷಕ್ಕೆ ಸಿಕ್ಕಿತು. ದಾನಿ ಮನೆಯಲ್ಲೇ ಇದ್ದರು. ಟೆಂಪೊ ಮಾಡಿ ಮೂರೂವರೆಗೆ ಮಂಚ ಆ ಮನೆ ಮುಟ್ಟಿತು. ಹೆಣ್ಣುಮಗಳು ಕೈ ಮುಗಿದದ್ದು ಕಂಪ್ಯೂಟರಿಗೆ ಎಂದು ಸಲಹೆಗಾರರು ತಿಳಿದಿದ್ದರೆ ಅದು ಅವರಿಗೆ ಬಿಟ್ಟದ್ದು.

ಮರುದಿನ ಅವರು ನನ್ನ ಟೇಬಲ್ಲಿಗೆ ಬಂದು, ಕಾರ್ಡುಗಳನ್ನು ಒಮ್ಮೆ ನೋಡಬೇಕಿತ್ತು ಅಂದರು. ಕೀಲಿಕೈಗೂ ಒಂದು ರಿಜಿಸ್ಟರ್ ಇಟ್ಟಿದ್ದೇನೆ, ಅದನ್ನು ಮುಂದೆ ಸರಿಸಿದೆ. ಹೆಸರು ಬರೆದರು, ವೇಳೆ ಬರೆದರು. ಕಾರಣ ಎಂಬಲ್ಲಿ ‘ಪರಿಶೀಲನೆ’ ಎಂದು ಬರೆದರು. ಪೂರ್ತಿ ಬರೆಯಿರಿ ಅಂದೆ. ‘ಅಂಕಿಗಳು ತಪ್ಪಿದ್ದರಿಂದ’ ಎಂದು ಸೇರಿಸಿದರು. ಯಾರು ತಪ್ಪಿಸಿದ್ದು ಎಂದು ಕೇಳಿದೆ. ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ‘ಸಾಫ್ಟ್‌ವೇರ್’ ಎಂದು ಬರೆದರು.

ಕೊಟ್ಟೆ. ಸಾಫ್ಟ್‌ವೇರ್ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಮುಂದೆಯೇ ನಿಂತಿತ್ತು, ಇನ್ನೆಷ್ಟು ಕಾಡುವುದು.

೪. ಕೂಡಿದ ಮನೆ

ಸಾಫ್ಟ್‌ವೇರಿಗೆ ಒಂದು ಗುಣವಿದೆ. ಒಂದೇ ವಿಳಾಸದಲ್ಲಿ ಇರುವವರೆಲ್ಲ ಒಂದೇ ಕುಟುಂಬ ಎಂದು ತಿಳಿದು, ಅವರಲ್ಲಿ ವಯಸ್ಸಿನಲ್ಲಿ ಹಿರಿಯರಾದವರಿಗೆ ಎಲ್ಲರ ಪರವಾಗಿ ಒಂದೇ ಪತ್ರ ಕಳಿಸುತ್ತದೆ. ಫ್ಲ್ಯಾಟ್ ನಂಬರು ಬೇರೆ ಅಂಕಣದಲ್ಲಿತ್ತು, ಅದು ಏರಲಿಲ್ಲ. ಹೀಗಾಗಿ ನಮ್ಮ ಹನ್ನೆರಡು ದಾನಿಗಳಿರುವ ಒಂದು ಅಪಾರ್ಟ್‌ಮೆಂಟು ಇಡಿಯಾಗಿ ಒಂದು ಕುಟುಂಬವಾಯಿತು.

ಹಿರಿಯರು ಯಾರೆಂದರೆ ನೆಲಮಹಡಿಯ ನಿವೃತ್ತ ಮುಖ್ಯಾಧ್ಯಾಪಕಿ. ನೀರಿನ ಟಾಕಿಯ ವಿಷಯದಲ್ಲಿ ಆಕೆ ಮೇಲಿನ ಹನ್ನೊಂದು ಮನೆಗಳ ಜೊತೆಗೂ ಮಾತು ಬಿಟ್ಟಿದ್ದರು. ಅವರಿಗೆ ಪತ್ರ ಹೋಯಿತು. ಕುಟುಂಬದ ಯಜಮಾನಿಯಾದ ತಾವು ಸದಸ್ಯರೆಲ್ಲರನ್ನೂ ಸನ್ಮಾರ್ಗದಲ್ಲಿ ನಡೆಸುತ್ತಿರುವುದಕ್ಕೆ ಸಂಸ್ಥೆ ಋಣಿಯಾಗಿದೆ, ಕೆಳಗೆ ಹನ್ನೊಂದು ಸದಸ್ಯರ ಹೆಸರು. ಆಕೆ ಅದಕ್ಕೆ ಕಟ್ಟು ಹಾಕಿಸಿ ಲಿಫ್ಟಿನ ಪಕ್ಕ ತೂಗುಹಾಕಿದರು.

ಮೂರನೇ ಮಹಡಿಯವರು ಕಚೇರಿಗೆ ಬಂದು ಜಗಳ ತೆಗೆದರು. ತಮಗೆ ಊರಲ್ಲಿ ಸ್ವಂತ ತಾಯಿ ಇದ್ದಾರೆ, ಇನ್ನೊಬ್ಬರು ಬೇಡ ಎಂಬುದು ಅವರ ತಕರಾರು. ಎಂಜಿನಿಯರ್ ಹುಡುಗಿ ಹನ್ನೆರಡು ಮಂದಿಯನ್ನೂ ಬೇರೆ ಬೇರೆ ಮಾಡಿದಳು, ನಾನು ಎಲ್ಲರಿಗೂ ಫೋನ್ ಮಾಡಿ ತಿಳಿಸಿದೆ. ಎರಡು ದಿನಕ್ಕೆ ಮುಖ್ಯಾಧ್ಯಾಪಕಿ ಬಂದರು. ನಮ್ಮತ್ತೆ ಸಾಯುವವರೆಗೂ ಒಮ್ಮೆಯೂ ಹೊರಿಸದ ಅಪವಾದವನ್ನು ಅವರು ನಿಂತಲ್ಲೇ ಹೊರಿಸಿ ಹೋದರು: ಕೂಡಿದ ಮನೆ ಒಡೆದವಳು ನಾನು.

೫. ಷರಾ

ನನ್ನ ಕಾರ್ಡಿನ ಕೆಳಗೆ ‘ಷರಾ’ ಎಂದು ಒಂದು ಗೆರೆ ಇದೆ. ದಾನಿಯ ಬಗ್ಗೆ ನೆನಪಿಡಬೇಕಾದ್ದನ್ನು ಅಲ್ಲಿ ಬರೆಯುತ್ತೇನೆ. ‘ಬಲಗಿವಿ ಮಂದ, ಜೋರಾಗಿ ಮಾತಾಡಬೇಕು.’ ‘ಮಗನ ಸುದ್ದಿ ತೆಗೆಯಬಾರದು.’ ‘ಹೆಂಡತಿ ತೀರಿದ್ದಾರೆ, ಆದರೂ ಪತ್ರದಲ್ಲಿ ಇಬ್ಬರ ಹೆಸರೂ ಹಾಕಬೇಕು.’ ಇದಿಲ್ಲದಿದ್ದರೆ ಮಂದಿಯ ಜೊತೆ ಹೇಗೆ ಮಾತಾಡುವುದು? ಬರೆದದ್ದೆಲ್ಲ ಕನ್ನಡದಲ್ಲಿ. ಕಚೇರಿಯಲ್ಲಿ ಬೇರೆ ಯಾರಿಗೂ ಓದಲಿಕ್ಕೆ ಬರುವುದಿಲ್ಲವಾದ್ದರಿಂದ ಸ್ವಲ್ಪ ಧಾರಾಳವಾಗಿಯೇ ಬರೆದಿದ್ದೆ.

ಉಳಿದಿದ್ದ ಷರಾಗಳನ್ನು ಏರಿಸುವ ಕೆಲಸ ಕನ್ನಡ ಬಲ್ಲ ಎಂಜಿನಿಯರ್ ಹುಡುಗಿಗೇ ಬಂತು. ನಾಲ್ಕು ಶನಿವಾರ ಒಬ್ಬಳೇ ನಕ್ಕಿದ್ದೇ ನಕ್ಕಿದ್ದು. ಇದು ಕಚೇರಿಯವರಿಗೆ ಮಾತ್ರ ಕಾಣುವಂತೆ ಇಟ್ಟಳು.

ಆಮೇಲೆ ವೆಬ್‌ಸೈಟಿನಲ್ಲಿ ಪ್ರತಿ ದಾನಿಗೂ ಒಂದು ಸ್ವಂತ ಪುಟ ಕೊಟ್ಟರು. ದಾನಿ ತನ್ನ ಗುಟ್ಟಿನ ಸಂಖ್ಯೆ ಹಾಕಿದರೆ ನಮ್ಮಲ್ಲಿರುವ ತನ್ನ ವಿವರ ನೋಡಬಹುದು. ಪಾರದರ್ಶಕತೆ ಇರಬೇಕು ಎಂದು ಸಲಹೆಗಾರರು ಎಲ್ಲ ಅಂಕಣಗಳನ್ನೂ ತೆರೆದಿಟ್ಟರು. ಷರಾ ಬೇಡ ಎಂದು ಹುಡುಗಿ ಎರಡು ಸಲ ಬರೆದು ತಿಳಿಸಿದಳು. ಕನ್ನಡದಲ್ಲಿದೆ, ಯಾರು ಓದುತ್ತಾರೆ ಎಂದು ಉತ್ತರ ಬಂತು.

ಈಗಿನ ಫೋನುಗಳು ಓದುತ್ತವೆ. ಓದಿ ಮರಾಠಿಯಲ್ಲಿ ಹೇಳುತ್ತವೆ.

ಪುಟಗಳು ತೆರೆದ ಮರುದಿನ ಹನ್ನೊಂದು ಗಂಟೆಗೆ ಒಬ್ಬ ನಿವೃತ್ತ ಅಧಿಕಾರಿ ಬಂದರು. ಅವರ ಷರಾ ‘ತಲೆ ತಿನ್ನುತ್ತಾರೆ’ ಎಂದಿತ್ತು. ನನ್ನ ದುರ್ದೈವಕ್ಕೆ ಮರಾಠಿಯಲ್ಲೂ ಅದಕ್ಕೆ ತಲೆ ತಿನ್ನುವುದು ಎಂದೇ ಅನ್ನುತ್ತಾರೆ, ಫೋನಿಗೆ ತಪ್ಪುವ ಅವಕಾಶವೇ ಸಿಗಲಿಲ್ಲ. ತಾವು ಅಂಥವರಲ್ಲ ಎಂಬುದನ್ನು ಅವರು ನನ್ನ ಮುಂದೆ ಕೂತು ಒಂದೂವರೆ ತಾಸು ವಿವರಿಸಿದರು.

ಆಮೇಲೆ ಒಬ್ಬ ಅಜ್ಜಿ. ಆಕೆಗೆ ‘ಕೈ ಭಾಳ ಬಿಗಿ’ ಎಂದು ಬರೆದಿದ್ದೆ. ಏನನ್ನಾದರೂ ಕೇಳಿದರೆ ಐದು ಸಲ ಅಲೆಸುವವರು. ಫೋನು ಅದನ್ನು, ಕೈ ಬಹಳ ಬಿಗಿದುಕೊಂಡಿದೆ, ಆಡಿಸಲಿಕ್ಕೆ ಆಗುವುದಿಲ್ಲ ಎಂಬಂತೆ ಹೇಳಿತಂತೆ. ಆಕೆ ಬಲಗೈ ಮುಂದೆ ಚಾಚಿ, ಎರಡು ತಿಂಗಳಿಂದ ಹೀಗೇ ಇದೆ, ಮನೆಯಲ್ಲಿ ಒಬ್ಬರೂ ಗಮನಿಸಲಿಲ್ಲ, ನಿನಗೊಬ್ಬಳಿಗೇ ಗೊತ್ತಾಯಿತಲ್ಲ ಎಂದು ಕಣ್ಣೊರೆಸಿಕೊಂಡರು. ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಎರಡು ವಾಕರ್‌ಗಳನ್ನು ಸಂಜೆಯೇ ಕಳಿಸಿಕೊಟ್ಟರು. ಹೀಗೆ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಕೈ ಸಡಿಲಾಯಿತು. ಕಿವಿ ಮಂದದವರೂ ಬಂದರು, ಅವರದು ಬರೀ ತಿದ್ದುಪಡಿ. ಮಂದವಿರುವುದು ಎಡಗಿವಿ.

ಕಾರ್ಯದರ್ಶಿಗಳು ತಾವೂ ಒಬ್ಬ ದಾನಿ. ಅವರ ಕಾರ್ಡಿನಲ್ಲಿ ‘ಓದದೆ ಸಹಿ ಮಾಡುತ್ತಾರೆ’ ಎಂದಿತ್ತು. ಅವರ ಹೆಂಡತಿ ನನಗೆ ಫೋನ್ ಮಾಡಿ, ಮನೆಯ ಕಾಗದಪತ್ರದ್ದೂ ಅದೇ ಕಥೆ ಎಂದು ಒಂದು ತಾಸು ಮಾತಾಡಿದರು.

ಶುಕ್ರವಾರ ಸಭೆ ಕರೆದರು. ಸಲಹೆಗಾರರು ನನ್ನ ಪರವಾಗಿ ಕ್ಷಮಾಪಣೆಯ ಪತ್ರವೊಂದನ್ನು ಬರೆದು ತಂದಿದ್ದರು, ಎಲ್ಲ ದಾನಿಗಳಿಗೂ ಕಳಿಸಲಿಕ್ಕೆ. ನಾನು ಪೂರ್ತಿ ಓದಿದೆ. ‘ನಾನು ಬರೆದ ಆಧಾರವಿಲ್ಲದ ಷರಾಗಳಿಗಾಗಿ’ ಎಂದು ಅದರಲ್ಲಿತ್ತು. ನೌಕರಿ ಹೋಗುತ್ತದೆ ಎಂದೇ ತಿಳಿದಿದ್ದೆ. ಆದರೂ ಪತ್ರವನ್ನು ಮಡಿಚಿ ಅವರ ಮುಂದೆಯೇ ಇಟ್ಟೆ.

“ಒಂದು ಷರಾ ಸುಳ್ಳು ಅಂತ ಯಾರಾದರೂ ಹೇಳಲಿ, ಅವರ ಎದುರಿಗೇ ಹೊಡೆದು ಹಾಕುತ್ತೇನೆ. ಸಹಿ ಮಾಡುವುದಿಲ್ಲ.”

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, ತಮ್ಮದಂತೂ ಸತ್ಯ ಎಂದು ಒಪ್ಪಿಕೊಂಡರು. ಷರಾ ದಾನಿಯ ಪುಟದಲ್ಲಿ ಕಾಣಬಾರದು, ಆದರೆ ದಾಖಲೆಯಲ್ಲಿ ಇರಬೇಕು, ಕಾಕೂನೇ ಬರೆಯಬೇಕು ಎಂದು ತೀರ್ಮಾನವಾಯಿತು. ಆ ತೀರ್ಮಾನವನ್ನು ಅವರು ಎರಡು ಸಲ ಓದಿ ಸಹಿ ಹಾಕಿದರು.

ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಸೋಮವಾರ ಬಾಗಿಲು ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಒಬ್ಬರು ಕೂತಿದ್ದರು. ಬೆಳಗಾವಿ ಕಡೆಯವರು, ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು, ಒಂಟಿ ಜೀವ. ಹದಿನಾಲ್ಕು ವರ್ಷದಿಂದ ತಪ್ಪದೆ ದಾನ ಕೊಡುತ್ತಾರೆ. ವರ್ಷಕ್ಕೊಮ್ಮೆ ಬರುತ್ತಾರೆ, ಕ್ಯೂ ಇದ್ದರೆ ನಿಲ್ಲುತ್ತಾರೆ, ರಸೀದಿ ತೆಗೆದುಕೊಂಡು ಬರ್ತೀನ್ರಿ ಎಂದು ಹೋಗುತ್ತಾರೆ. ಅಷ್ಟು ವರ್ಷದಲ್ಲಿ ಅವರು ಬೇರೆ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ.

ಒಳಗೆ ಬಂದು ಕೂತರು. ಷರಾ ತೆಗೆದುಹಾಕುವ ಮೊದಲೇ ತಮ್ಮ ಪುಟ ನೋಡಿದ್ದಾಗಿ ಹೇಳಿದರು. ನಾನು ಇನ್ನೊಂದು ತಕರಾರಿಗೆ ತಯಾರಾದೆ. ತಮಗೆ ಕನ್ನಡ ಓದಲಿಕ್ಕೆ ಬರುತ್ತದೆ, ಫೋನಿನ ಗರಜು ಇಲ್ಲ ಅಂದರು.

“ಎಲ್ಲಾರದೂ ಏನರೆ ಒಂದು ಬರದೀರಿ. ನಂದು ಖಾಲಿ ಅದ. ಹದಿನಾಲ್ಕು ವರ್ಷ ಬಂದು ಹೋದೆ, ನೆನಪಿಡೂವಂಥಾದ್ದು ಒಂದೂ ಕಾಣಲಿಲ್ಲೇನ್ರಿ ನಿಮಗ ನನ್ನಾಗ?”

ತೊಂದರೆ ಕೊಡದವರ ಕಾರ್ಡು ಖಾಲಿ ಇರುತ್ತದೆ, ಅದು ಒಳ್ಳೆಯದೇ ಎಂದು ಸಮಾಧಾನ ಹೇಳಿದೆ. ಅವರು ಒಪ್ಪಲಿಲ್ಲ. ಅವರದೇ ಓಣಿಯ ತಲೆ ತಿನ್ನುವವರು ತಮ್ಮ ಷರಾವನ್ನು ವಾಕಿಂಗಿನಲ್ಲಿ ಎಲ್ಲರಿಗೂ ತೋರಿಸುತ್ತ ತಿರುಗುತ್ತಿದ್ದಾರಂತೆ. ಬರೆಯದೆ ತಾವು ಏಳುವುದಿಲ್ಲ, ಬೇಕಾದರೆ ವಿಶ್ವಸ್ಥರಿಗೆ ದೂರು ಹೋಗುತ್ತದೆ ಎಂದು ಟೇಬಲ್ ಕುಟ್ಟಿದರು. ಪೆನ್‌ಸ್ಟ್ಯಾಂಡು ಉರುಳಿತು.

ಅವರ ಕಾರ್ಡು ತೆಗೆದು, ಬರೆದು, ಅವರ ಕಡೆ ತಿರುಗಿಸಿದೆ: ‘ಭಾಳ ಶಾಂತ ಮನುಷ್ಯರು. ಖಾಲಿ ಬಿಟ್ಟರೆ ಜಗಳಕ್ಕೆ ಬರುತ್ತಾರೆ.’

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ನಕ್ಷೆ ಬರೆದ ಕೈಯಲ್ಲವೇ, ಅಳತೆಪಟ್ಟಿಯಿಲ್ಲದೆ ನೆಟ್ಟಗೆ ಒಂದು ಗೆರೆ ಎಳೆದು ‘ಭಾಳ ಶಾಂತ ಮನುಷ್ಯರು’ ಎಂಬುದನ್ನು ಹೊಡೆದು ಹಾಕಿದರು.

“ಈಗ ಬರೋಬರಿ ಆತು ನೋಡ್ರಿ,” ಅಂದರು.